ಮೂಡಬಿದಿರೆಯ ಸೂರ್ಯಾಸ್ತ

ಬೆನ್ನಿಗೊಂದು ಚೀಲ ಏರಿಸಿಕೊಂಡು ಕಡಲು ನೋಡಲು ಹೊರಟವನು ನಾನು. ಮಂಗಳೂರಿಗೆ ಹೋಗುವ ಬಸ್ಸು ಮೂಡಬಿದಿರೆಯಲ್ಲೇ ಕೆಟ್ಟು ನಿಂತಿತು. ಆ ಅರುವತ್ತರ ದಶಕದಲ್ಲಿ ಇನ್ನೊಂದು ಬಸ್ಸೆಂದರೆ ಮರುದಿನವೇ. ಬಸದಿಯ ಬಳಿ ವಿಚಾರಿಸುತ್ತಿದ್ದಾಗ ಜೈನರ ಮನೆಯ ಅಜ್ಜಿಯೊಬ್ಬರು, "ನಮ್ಮಲ್ಲಿ ಜಗಲಿ ಉಂಟು, ಮಲಗಬಹುದು. ಊಟಕ್ಕೆ ಮಾತ್ರ ಬೇಗ ಬನ್ನಿ" ಎಂದರು.

ನಾನು ಕೆರೆಯಲ್ಲಿ ಮಿಂದು, ದಂಡೆಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ಕತ್ತಲಾದ ಮೇಲೆ ಬಂದರೆ ಅಜ್ಜಿ ದೀಪ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲೆ ಹಾಕಿ ಬಡಿಸಿದರು. ಸಾರನ್ನು ಎರಡು ಸಲ ಹಾಕಿಸಿಕೊಂಡೆ.

"ನಿಮ್ಮೂರಲ್ಲಿ ಸೂರ್ಯ ಮುಳುಗೋದು ಎಷ್ಟು ಚೆಂದ ಅಜ್ಜಿ! ಪೂರ್ತಿ ಮುಳುಗೋವರೆಗೂ ಕೂತಿದ್ದೆ."

"ಹೌದು, ನಾನೂ ನೋಡ್ತಾ ಇದ್ದೆ" ಎಂದರು.

"ನೀವೂ ಊಟಕ್ಕೆ ಕೂತ್ಕೊಳ್ಳಿ."

"ನನ್ನದು ಇನ್ನು ನಾಳೆಗೆ. ಹೊತ್ತು ಮುಳುಗಿದ ಮೇಲೆ ನಮಗೆ ಉಣ್ಣುವ ಕ್ರಮ ಇಲ್ಲ. ಬಂದವರನ್ನು ಬಿಟ್ಟು ಮೊದಲೇ ಉಣ್ಣುವ ಕ್ರಮವೂ ಇಲ್ಲ." ಮತ್ತೆ ಸೌಟು ಎತ್ತಿದರು. "ಸಾರು ಇನ್ನೂ ಸ್ವಲ್ಪ?"

ಬಾಯಲ್ಲಿದ್ದ ತುತ್ತನ್ನು ಉಗುಳುವಂತಿಲ್ಲ, ನುಂಗುವಂತೆಯೂ ಇಲ್ಲ.

ಮರುದಿನ ಮಂಗಳೂರಿನ ಕಡಲ ತೀರದಲ್ಲಿ ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. ನಾನೊಬ್ಬ ಮಾತ್ರ ಬೆಳಕಿರುವಾಗಲೇ ಎದ್ದು ಊಟದ ಹೋಟೆಲು ಹುಡುಕಿಕೊಂಡು ಹೋದೆ.