ಕ್ಯಾಮೆರಾ ಹಿಡಿದವರು ಯಾರು?

ಓಣಿಯವರಿಗೆಲ್ಲ ಅವಳು ಕ್ಯಾಸೆಟ್ ಅಕ್ಕ. ಹಳೆಯ ವಿಡಿಯೊ ಕ್ಯಾಸೆಟ್‌ಗಳ ಬೂಷ್ಟು ಒರೆಸಿ, ಒಳಗಿದ್ದುದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವುದು ಅವಳ ಕಸುಬು. ಜೆರಾಕ್ಸ್ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆ, ಒಂದು ಪ್ಲೇಯರ್, ಒಂದು ಟಿವಿ. ಕ್ಯಾಸೆಟ್ ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಓಡಲೇಬೇಕು. ಅವಸರ ಮಾಡಿದರೆ ರೀಲು ಸುರುಳಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಊರವರ ಮದುವೆ, ಮಕ್ಕಳ ಮೊದಲ ಹೆಜ್ಜೆ, ಸತ್ತವರ ನಗು ಎಲ್ಲವನ್ನೂ ಅವಳು ಊಟದ ಡಬ್ಬಿ ಮುಂದಿಟ್ಟುಕೊಂಡು ನೋಡುತ್ತಿದ್ದಳು.

ಮನೆಗೆ ಹೋದರೆ ಮತ್ತೆ ಸಿನಿಮಾ. ಅದೂ ಒಂದೇ ಜಾತಿಯದು: ಯಾರದೋ ಕ್ಯಾಮೆರಾ ಸಿಕ್ಕಿತು, ಅದರಲ್ಲಿದ್ದುದನ್ನು ಹಾಗೇ ತೋರಿಸುತ್ತಿದ್ದೇವೆ ಎನ್ನುವಂಥ ಭಯದ ಚಿತ್ರಗಳು. ಭೂತ ಬಂದು ಬೊಬ್ಬೆ ಹೊಡೆದರೆ ಅವಳಿಗೆ ಸಪ್ಪೆ. ಏನೂ ಆಗದೆ ಎದೆ ಹಿಂಡಬೇಕು.

"ಕಾಸು ಕೊಟ್ಟು ಹೆದರ್ಕೊಳ್ಳೋರು ಅಂದ್ರೆ ನೀನೊಬ್ಳೇ," ಎಂದು ಗಂಡ ನಗುತ್ತಿದ್ದ.

ಒಂದು ದಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಚೀಲದ ತುಂಬ ಕ್ಯಾಸೆಟ್ ತಂದಳು. "ನಮ್ಮಪ್ಪ ತೆಗ್ದಿದ್ದು. ಈಗ ಅಪ್ಪ ಅಮ್ಮ ಇಬ್ರೂ ಇಲ್ಲ. ಅಮ್ಮನ ದನಿ ಮರ್ತೇ ಹೋಗ್ತಿದೆ ಅಕ್ಕ, ಒಂದ್ಸಲ ಕೇಳ್ಬೇಕು."

ಮೊದಲ ಕ್ಯಾಸೆಟ್‌ನಲ್ಲಿ ಒಂದು ಸಂಸಾರ ಊಟಕ್ಕೆ ಕುಳಿತಿತ್ತು. ಅಪ್ಪ, ಅಮ್ಮ, ಮಗ, ಪುಟ್ಟ ಮಗಳು. ಅಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎಲ್ಲರೂ ಟಿವಿಯೊಳಗೇ ಇದ್ದಾರೆ, ಸರಿ. ಮತ್ತೆ ಕ್ಯಾಮೆರಾ ಹಿಡಿದವರು ಯಾರು? ಸ್ಟ್ಯಾಂಡಿನ ಮೇಲಿಟ್ಟದ್ದಂತೂ ಅಲ್ಲ. ಅದು ನಡೆಯುತ್ತಿತ್ತು, ಉಸಿರಾಡುತ್ತಿತ್ತು, ಮಗುವಿನ ಕಡೆಗೇ ವಾಲುತ್ತಿತ್ತು.

ಮುಂದಿನದರಲ್ಲಿ ಮಗು ಮಲಗಿತ್ತು. ಕ್ಯಾಮೆರಾ ಹಾಸಿಗೆಯ ಪಕ್ಕ ಸುಮ್ಮನೆ ನಿಂತು ನೋಡುತ್ತಲೇ ಇತ್ತು. ಟಿವಿಯ ಅಂಚಿನಿಂದ ಒಂದು ಕೈ ಬಂದು ಹೊದಿಕೆ ಸರಿಮಾಡಿ ಹಿಂದೆ ಸರಿಯಿತು. ಇನ್ನೊಂದರಲ್ಲಿ ಅಪ್ಪ ಓದುತ್ತಿದ್ದ ಪತ್ರಿಕೆ ಮಡಚಿ, ಕ್ಯಾಮೆರಾವನ್ನು ದುರುಗುಟ್ಟಿ ನೋಡಿ, ಎದ್ದು ಬಂದು ಬಾಗಿಲು ಹಾಕಿಕೊಂಡ. ಆಮೇಲೆ ಬರೀ ಮುಚ್ಚಿದ ಬಾಗಿಲು.

"ನಿಂಗೆ ಆ ಸಿನಿಮಾಗಳು ತಲೆಗೆ ಹತ್ತಿವೆ," ಎಂದ ಗಂಡ.

"ಸಿನಿಮಾದಲ್ಲಿ ಕ್ಯಾಮೆರಾ ಹಿಡ್ದೋರು ಯಾರು ಅಂತ ಹೇಳ್ತಾರೆ ರೀ. ಇಲ್ಲಿ ಯಾರೂ ಹೇಳ್ತಿಲ್ಲ."

ತಡೆಯಲಾರದೆ ಅವಳು ಆ ಹೆಣ್ಣುಮಗಳನ್ನು ಕರೆಸಿ ತೋರಿಸಿದಳು. ನೋಡನೋಡುತ್ತ ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಸಂಶಯ ಅಕ್ಕನ ಮೇಲೇ ತಿರುಗಿತು.

"ಬೇರೆ ಯಾರದೋ ಕ್ಯಾಸೆಟ್ ಜೊತೆ ಬೆರೆಸ್ಬಿಟ್ಟಿದೀರಾ?"

"ಆ ಮಗು ನೀವೇ ತಾನೆ?"

"ನಮ್ಮನೇಲಿ ನಾವು ನಾಲ್ಕೇ ಜನ ಇದ್ದಿದ್ದು! ಇಳಿಸ್ಕೊಡಿ ಅಂದೆ, ನಮ್ಮನೆ ಕಿಂಡೀಲಿ ಇಣುಕಿ ನೋಡಿ ಅಂದ್ನಾ?" ಚೀಲ ಎತ್ತಿಕೊಂಡು ಅವಳು ಹೊರಟೇ ಹೋದಳು.

ಪ್ಲೇಯರ್ ಒಳಗೆ ಒಂದು ಕ್ಯಾಸೆಟ್ ಉಳಿದುಬಿಟ್ಟಿತ್ತು. ನೋಡಬಾರದು ಎಂದುಕೊಂಡೇ ಅಕ್ಕ ಅದನ್ನು ಓಡಿಸಿದಳು. ಮಗು ಕ್ಯಾಮೆರಾದತ್ತ ಕೈಚಾಚಿ, "ಚಿಕ್ಕಿ, ನೀನೂ ಬಾ," ಎಂದಿತು. ಚಿತ್ರ ಎಡಕ್ಕೂ ಬಲಕ್ಕೂ ಅಲುಗಿತು. ಕ್ಯಾಮೆರಾ ಕಣ್ಣಿಗೊತ್ತಿಕೊಂಡವರು 'ಊಹೂಂ' ಎಂದು ತಲೆಯಾಡಿಸಿದ ಹಾಗೆ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ: "ಅವಳನ್ನ ಕರೀಬೇಡ ಅಂದಿಲ್ವಾ? ಬಾ ಇಲ್ಲಿ."

ಅಕ್ಕ ಅದನ್ನು ತಾನೇ ಔಷಧಿ ಅಂಗಡಿಗೆ ಒಯ್ದು ಕೊಟ್ಟಳು. "ನಿಮ್ಮಮ್ಮನ ದನಿ ಇದ್ರಲ್ಲಿದೆ. ಒಬ್ರೇ ಕೇಳ್ಬೇಡಿ," ಎಂದಷ್ಟೇ ಹೇಳಿದಳು.

ಆ ಭಾನುವಾರ ಆ ಹೆಣ್ಣುಮಗಳು ತನ್ನ ಅಣ್ಣನನ್ನು ಎಳೆದುಕೊಂಡೇ ಕೋಣೆಗೆ ಬಂದಳು. ಕ್ಯಾಸೆಟ್ ಮುಗಿಯುವವರೆಗೂ ಅಣ್ಣ ನೆಲ ನೋಡುತ್ತಿದ್ದ.

"ಅಮ್ಮನ ತಂಗಿ," ಎಂದ ಕೊನೆಗೆ. "ಅಮ್ಮ ಕೆಲಸಕ್ಕೆ ಹೋಗೋರು. ನಿನ್ನ ಸಾಕಿದ್ದು ಅವಳೇ. ನೀನು ಒಂದಿನ ಅವಳನ್ನೇ ಅಮ್ಮ ಅಂದ್ಬಿಟ್ಟೆ. ಅಲ್ಲಿಂದ ಶುರುವಾಯ್ತು. ಅಪ್ಪನ ಮೇಲೂ ಅಮ್ಮಂಗೆ ಅನುಮಾನ ಬಂತು. ಮನೆಯಿಂದ ಕಳಿಸ್ಬಿಟ್ರು. ಅವಳು ಕಾಣ್ಸೋ ಫೋಟೊ ಒಂದೂ ಬಿಡದೆ ಹರಿದ್ರು. ಇವುಗಳಲ್ಲಿ ಅವಳು ಕಾಣ್ಸಲ್ವಲ್ಲ, ಅದಕ್ಕೇ ಉಳಿದಿವೆ."

"ಈಗೆಲ್ಲಿದ್ದಾಳೆ?"

"ಪಕ್ಕದೂರಲ್ಲಿ. ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಕೆಲಸ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಅಮ್ಮ ಆಣೆ ಹಾಕ್ಸಿದ್ರು ಕಣೇ."

ಅಣ್ಣನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಜೊತೆಗೆ ಬನ್ನಿ ಎಂದು ಕರೆದದ್ದು ಕ್ಯಾಸೆಟ್ ಅಕ್ಕನನ್ನೇ. ಚಿಕ್ಕಿಯ ಮನೆಯ ಬಾಗಿಲು ಸರಪಳಿ ಬಿಡುವಷ್ಟೇ ತೆರೆಯಿತು. ನರೆತ ಕೂದಲು, ಒಂದು ಕಣ್ಣು.

"ಯಾರು ಕಳ್ಸಿದ್ದು?"

"ಯಾರೂ ಇಲ್ಲ. ನಾನೇ ಬಂದೆ, ಚಿಕ್ಕಿ. ಅಮ್ಮ ಹೋದ್ರು."

"ಅವಳು ಹೋದ್ಮೇಲೆ ನೆನಪಾಯ್ತಾ?" ಬಾಗಿಲು ಮುಚ್ಚಿತು. ಬಸ್ಸಿನಲ್ಲಿ ಆ ಹೆಣ್ಣುಮಗಳು ಅಕ್ಕನ ಹೆಗಲಿಗೊರಗಿ ಬಿಕ್ಕಿದಳು.

ಆದರೂ ಅವಳು ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಹೋಗಿ ಆ ಬಾಗಿಲಲ್ಲಿ ನಿಂತಳು. ಬೇಸಿಗೆ ಕಳೆಯುವ ಹೊತ್ತಿಗೆ ಚಿಕ್ಕಿ ಅವಳೊಂದಿಗೆ ಕೋಣೆಗೆ ಬಂದಳು. ಕೈಚೀಲ ಎದೆಗವಚಿಕೊಂಡು ಬಾಗಿಲಿಗೆ ಹತ್ತಿರದ ಕುರ್ಚಿಯ ತುದಿಯಲ್ಲಿ ಕುಳಿತಳು. ಕ್ಯಾಸೆಟ್ ಓಡಿತು. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ಬಂತು.

"ಥೂ, ನಿಮ್ಮಪ್ಪನ ತಲೇನೇ ಹಾರಿಸ್ಬಿಟ್ಟಿದೀನಲ್ಲೇ! ಹಿಡಿಯಕ್ಕೇ ಬರ್ತಿರ್ಲಿಲ್ಲ ನಂಗೆ."

ನಗುತ್ತಲೇ ಕಣ್ಣೊರೆಸಿಕೊಂಡು, ತಟ್ಟನೆ ಅಕ್ಕನತ್ತ ತಿರುಗಿದಳು. "ಇದನ್ನ ಇನ್ಯಾರ್ ಯಾರು ನೋಡಿದಾರೆ?"

"ನಾನೊಬ್ಳೇ ಅಮ್ಮ. ಮತ್ತೆ ನಿಮ್ಮ ಮಕ್ಳು."

ಚಿಕ್ಕಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ, ಅಕ್ಕನಿಗೆ ಇವತ್ತಿಗೂ ತಿಳಿಯದು.

"ಇನ್ನೊಂದ್ಸಲ ಹಾಕಿ," ಎಂದಳು.