ಚಕ್ರವಿಲ್ಲದ ಬಸ್ಸಿನ ಕಂಡಕ್ಟರ್

ಬೆಳಿಗ್ಗೆ ಆರು ಐವತ್ತು. ಬೀದಿದೀಪ ಇನ್ನೂ ಆರಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಹಳೆಯ ಖಾಕಿ ಅಂಗಿ ತೊಟ್ಟ ಅಜ್ಜಿಯೊಬ್ಬರು ಸೀಟಿ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಮೂರನೇ ಕ್ಲಾಸಿನ ಹುಡುಗಿ. ಅವಳ ಕಣ್ಣು ಬೀದಿಯ ತುದಿಯಲ್ಲೇ ಇದೆ.

“ಎಲ್ಲರೂ ಬರ್ತಾರಾ ಅಜ್ಜಿ?”

“ಬರದೇ ಏನು ಮಾಡ್ತಾರೆ? ಬಾಗಿಲು ಒಡೆದು ಎಬ್ಬಿಸ್ತೀನಿ.”

ಎದುರು ಮನೆಯಿಂದ ಒಬ್ಬಳು ಓಡಿ ಬರುತ್ತಾಳೆ. ಒಂದು ಕಾಲಿಗೆ ಮಾತ್ರ ಕಾಲುಚೀಲ.

“ಇನ್ನೊಂದೆಲ್ಲೇ?”

“ತಮ್ಮ ಹಾಕ್ಕೊಂಡಿದಾನೆ.”

“ಸರಿಹೋಯ್ತು, ಇಬ್ಬರಿಗೂ ಸೇರಿ ಒಂದು ಜೊತೆ. ಹತ್ತಿ, ಹತ್ತಿ!”

ಹತ್ತಲು ಅಲ್ಲಿ ಬಸ್ಸೇನೂ ಇಲ್ಲ. ಇರುವುದು ನಡೆದು ಶಾಲೆಗೆ ಹೋಗುವ ಮಕ್ಕಳ ಸಾಲು. ಹತ್ತೊಂಬತ್ತು ಮಕ್ಕಳು, ಆರು ಸ್ಟಾಪು, ಒಂದೂವರೆ ಕಿಲೋಮೀಟರ್. ಪ್ರತಿ ಸ್ಟಾಪಿನಲ್ಲೂ ತಲೆ ಎಣಿಸಿ ಅಜ್ಜಿ ಸೀಟಿ ಊದುತ್ತಾರೆ. “ರೈಟ್, ರೈಟ್!”

ಮಕ್ಕಳ ಬಾಯಲ್ಲಿ ಅವರು ಕಂಡಕ್ಟರಜ್ಜಿ. ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ ಅದು. ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನೂ ಹೆಚ್ಚು ಕೇಳಲಿಲ್ಲ. ನಿವೃತ್ತಿಯ ನಂತರ ಈ ಶಾಲೆಯಲ್ಲಿ ಆಯಾ. ಮಕ್ಕಳನ್ನು ತಲುಪಿಸಿದ ಮೇಲೆ ಖಾಕಿ ಅಂಗಿ ಮಡಿಸಿಟ್ಟು ಒಂಬತ್ತು ಕೋಣೆ ಗುಡಿಸಬೇಕು.

ಈ ಸಾಲು ಹೇಗೆ ಶುರುವಾಯಿತೆಂದು ಕೇಳಿದೆ. “ಎರಡು ಬೀದಿ ಆಚೆಯಿಂದಲೂ ಮಕ್ಕಳನ್ನ ಕಾರಲ್ಲಿ ತಂದು ಬಿಡೋರು! ಗೇಟಿನ ಮುಂದೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಒಂದಿನ ಒಂದು ಕಾರು ಹಿಂದಕ್ಕೆ ಬಂತು. ಗೋಡೆ ಪಕ್ಕ ಒಂದನೇ ಕ್ಲಾಸಿನ ಮಗು. ಚೀಲ ಅಪ್ಪಚ್ಚಿ ಆಯ್ತು, ಮಗು ಉಳೀತು. ಅವತ್ತು ಸಾಯಂಕಾಲವೇ ಮನೆಮನೆ ಬಾಗಿಲು ತಟ್ಟಿದೆ. ನಡೆಸ್ಕೊಂಡು ಹೋಗ್ತೀನಿ, ಕಳಿಸ್ರಮ್ಮ ಅಂತ.”

ಮೊದಲ ದಿನ ಬಂದವರು ಮೂವರು. ಅದೇ ದಿನ ಅಜ್ಜಿ ಮೋರಿಗೆ ಬಿದ್ದರು. ಬಸ್ಸಿನ ಅಭ್ಯಾಸದಂತೆ ಮಕ್ಕಳ ಕಡೆ ಮುಖ ಮಾಡಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದರಂತೆ. “ಕಂಡಕ್ಟರ್ ಆದವರು ಜನಾನ ನೋಡ್ತಾರೆ. ರಸ್ತೆ ಡ್ರೈವರಿಗೆ ಬಿಟ್ಟಿದ್ದು,” ಎಂದು ನಗುತ್ತಾರೆ. ಅಂದಿನಿಂದ ಸಾಲಿನ ಮುಂದೆ ಒಬ್ಬ ಡ್ರೈವರ್. ಏಳನೇ ಕ್ಲಾಸಿನ ಉದ್ದನೆಯ ಹುಡುಗ. ಅಜ್ಜಿ ಕಟ್ಟಕಡೆಗೆ. ದೊಡ್ಡ ರಸ್ತೆ ದಾಟುವಾಗ ಮಾತ್ರ ಮುಂದೆ ಬಂದು, ವಾಹನಗಳಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಾರೆ.

ಗಿರಣಿಯ ಮುಂದೆ ಅಜ್ಜಿಯ ಪಕ್ಕ ನಿಂತಿದ್ದ ಮೂರನೇ ಕ್ಲಾಸಿನ ಹುಡುಗಿ ಸೇರಿದ್ದು ಹೋದ ತಿಂಗಳು. ಅವಳ ಎಡಗಾಲು ಕೊಂಚ ಗಿಡ್ಡ. ಉದ್ದನೆಯ ಹುಡುಗ ದಾಪುಗಾಲು ಹಾಕುತ್ತಿದ್ದ, ಇವಳು ಹಿಂದೆ ಉಳಿಯುತ್ತಿದ್ದಳು, ಎಲ್ಲರೂ ನಿಂತು ಕಾಯುತ್ತಿದ್ದರು. ಮೂರು ದಿನ ಸಾಲು ಗೇಟು ತಲುಪುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು. ಇನ್ನೊಂದು ಸಲ ತಡವಾದರೆ ಸಾಲನ್ನೇ ನಿಲ್ಲಿಸುವುದಾಗಿ ಮುಖ್ಯೋಪಾಧ್ಯಾಯಿನಿ ಹೇಳಿದರು. “ಅವಳೊಬ್ಬಳು ಗಾಡೀಲಿ ಬರಲಿ ಬಿಡಿ,” ಎಂದರು ಕೆಲವು ತಾಯಂದಿರು. ಅದು ಹುಡುಗಿಯ ಕಿವಿಗೂ ಬಿತ್ತು.

“ಅಜ್ಜಿ, ನಾನು ಸೋಮವಾರದಿಂದ ಬರಲ್ಲ.”

“ಚೆನ್ನಾಯ್ತು! ಡ್ರೈವರೇ ರಜಾ ಹಾಕಿದ್ರೆ ಬಸ್ಸು ಹೆಂಗೆ ಹೋಗುತ್ತೆ?”

ಹಾಗೆ ಬಾಯಿಂದ ಬಂದುಬಿಟ್ಟಿತು ಎನ್ನುತ್ತಾರೆ ಅಜ್ಜಿ. ಅವಳು ಮುಂದೆ ನಡೆದರೆ ಯಾರೂ ಹಿಂದೆ ಉಳಿಯುವುದಿಲ್ಲ. ಆದರೆ ಹತ್ತು ನಿಮಿಷ ಮೊದಲೇ ಹೊರಡಬೇಕು. ಆ ಸಂಜೆ ಮತ್ತೆ ಮನೆಮನೆಗೆ ಹೋದರು. “ಈಗಲೇ ಇವನನ್ನ ಎಬ್ಬಿಸೋದು ಒಂದು ಯುದ್ಧ ಅಜ್ಜಿ,” ಎಂದಳು ಒಬ್ಬ ತಾಯಿ. ಹೂಂ ಎಂದವರು ಯಾರೂ ಇಲ್ಲ.

ಇಂದು ಆ ಸೋಮವಾರ.

ಎರಡನೇ ಸ್ಟಾಪು ಇಸ್ತ್ರಿ ಅಂಗಡಿ. ನಾಲ್ವರು ಆಕಳಿಸುತ್ತಾ ನಿಂತಿದ್ದಾರೆ. ಮೂರನೆಯದರಲ್ಲಿ ಬಾಗಿಲು ಮುಚ್ಚಿದೆ. ಅಜ್ಜಿ ಎರಡು ಸಲ ಸೀಟಿ ಊದುತ್ತಾರೆ. ಯುದ್ಧದ ಮಾತಾಡಿದ್ದ ತಾಯಿ ಮಗನನ್ನು ರಟ್ಟೆ ಹಿಡಿದು ತರುತ್ತಾಳೆ. ಬಾಚಣಿಗೆ ಇನ್ನೂ ಅವನ ತಲೆಯಲ್ಲೇ ಇದೆ. “ಗೆದ್ದೆ ಕಣ್ರೀ,” ಎನ್ನುತ್ತಾಳೆ.

ಆರನೇ ಸ್ಟಾಪಿನಲ್ಲಿ ಎಣಿಕೆ ಹತ್ತೊಂಬತ್ತು.

ಮುಂದೆ ಹುಡುಗಿ. ಅವಳ ಬೆನ್ನಿಗೆ ಉದ್ದನೆಯ ಹುಡುಗ, ಸಣ್ಣ ಸಣ್ಣ ಹೆಜ್ಜೆ ಹಾಕಲು ಒದ್ದಾಡುತ್ತಾ. “ಡ್ರೈವರಮ್ಮಾ, ಸ್ವಲ್ಪ ಗೇರ್ ಬದಲಾಯಿಸಿ!”

ಅವಳು ತಿರುಗಿಯೂ ನೋಡುವುದಿಲ್ಲ. “ಜಾಸ್ತಿ ಮಾತಾಡಿದ್ರೆ ಇಲ್ಲೇ ಇಳಿಸ್ತೀನಿ.”

ಗೇಟು ದಾಟುವಾಗ ಗಂಟೆಗೆ ಇನ್ನೂ ಮೂರು ನಿಮಿಷವಿದೆ. ಮಕ್ಕಳು ಚೆದುರಿ ಓಡುತ್ತಾರೆ. ಹುಡುಗಿ ತನ್ನದೇ ನಡಿಗೆಯಲ್ಲಿ ತರಗತಿಯತ್ತ ಹೋಗುತ್ತಾಳೆ. ಅಜ್ಜಿ ಮೆಟ್ಟಿಲ ಮೇಲೆ ಕೂತು ಅಂಗಿಯ ಗುಂಡಿ ಬಿಚ್ಚುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ.

“ಆಸೆ ಏನಮ್ಮ? ಬಸ್ಸಲ್ಲಿದ್ದಾಗ ಜನ ಓಡಿ ಬರ್ತಿರೋದು ಕಾಣ್ತಿತ್ತು. ಡ್ರೈವರ್ ಟೈಮಾಯ್ತು ಅನ್ನೋನು. ಅವರನ್ನ ಅಲ್ಲೇ ಬಿಟ್ಟು ರೈಟ್ ಹೇಳ್ತಿದ್ದೆ. ಎಷ್ಟು ಜನಾನೋ ಲೆಕ್ಕ ಇಲ್ಲ.” ಅಂಗಿ ಮಡಿಸಿ ಪೊರಕೆ ಎತ್ತಿಕೊಳ್ಳುತ್ತಾರೆ. “ಈ ಬಸ್ಸಲ್ಲಿ ಇನ್ನೂ ಒಬ್ಬರನ್ನೂ ಬಿಟ್ಟಿಲ್ಲ.”