ಕಡಲಾಚೆಯ ಮದುವೆಗೆ ಮನೆಯಾಕೆಗೆ ಬಂದ ಹೇಳಿಕೆ

ಮಾನ್ಯ ಓದುಗರಲ್ಲಿ ವಿನಂತಿ.

ಈ ಬರಹದಲ್ಲಿ ಕಾಗುಣಿತದ ತಪ್ಪುಗಳಿದ್ದಲ್ಲಿ, ಅಕ್ಷರ ಸೊಟ್ಟಗಾಗಿ ಓದಲು ತೊಂದರೆಯಾದಲ್ಲಿ ದಯವಿಟ್ಟು ಕ್ಷಮಿಸಬೇಕು. ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಬಹುಕಾಲ ಪತ್ರವ್ಯವಹಾರ ನೋಡಿಕೊಂಡವನು. ಸಂಘದ ಪರವಾಗಿ ಬರೆದು ಅಭ್ಯಾಸವಿದೆಯೇ ಹೊರತು, ನನ್ನ ಪರವಾಗಿ ನಾನೇ ಬರೆಯುತ್ತಿರುವುದು ಇದೇ ಮೊದಲು. ಎಲ್ಲಿಂದ ಆರಂಭಿಸಬೇಕೆಂದು ತೋಚದೆ, ಗೊತ್ತಿರುವ ಕ್ರಮದಲ್ಲಿಯೇ ಆರಂಭಿಸುತ್ತೇನೆ.

ವಿಷಯ: ಮಗಳ ಮದುವೆಯನ್ನು ಬಾಲಿ ದ್ವೀಪದಲ್ಲಿ ನಡೆಸಲು ನಿಶ್ಚಯಿಸಿದ್ದು ಹಾಗೂ ಸದರಿ ಮದುವೆಗೆ ನನ್ನ ಪತ್ನಿ ಬರಲೊಪ್ಪದಿದ್ದುದರ ಕುರಿತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಲ್ಲಿ. ಒಬ್ಬಳೇ ಮಗಳು ಮುಂಬೈಯಲ್ಲಿ ಒಂದು ಕಚೇರಿಯಲ್ಲಿದ್ದಳು. ಹೊರದೇಶದಲ್ಲಿ ಮದುವೆಯಾಗಬಯಸುವವರಿಗೆ ವಿಮಾನ, ಕೋಣೆ, ಮಂಟಪ, ಹೂವು ಎಲ್ಲವನ್ನೂ ಗೊತ್ತುಮಾಡಿಕೊಡುವುದು ಆ ಕಚೇರಿಯ ಕೆಲಸ. ಅಲ್ಲಿಯೇ ಕೆಲಸ ಮಾಡುತ್ತಿದ್ದ, ಮೂಲದಲ್ಲಿ ಯಲ್ಲಾಪುರದ ಕಡೆಯವನೇ ಆದ ಹುಡುಗನನ್ನು ಅವಳು ಒಪ್ಪಿದಳು. ನಾವೂ ಒಪ್ಪಿದೆವು. ಅಷ್ಟು ಜನರ ಮದುವೆಗೆ ಮಂಟಪ ಹೂಡಿಸಿಕೊಟ್ಟ ಸಮುದ್ರತೀರದಲ್ಲಿ ತಮ್ಮದೂ ಒಂದು ಆಗಲಿ ಎಂಬುದು ಇಬ್ಬರ ಆಸೆ. ನೆಂಟರಲ್ಲಿ ತೀರ ಹತ್ತಿರದವರು ಮಾತ್ರ ಅಲ್ಲಿಗೆ ಬರುವುದು, ಊರವರಿಗೆ ಆಮೇಲೆ ಮನೆಯಲ್ಲಿ ಊಟ ಹಾಕುವುದು ಎಂದು ತೀರ್ಮಾನವಾಯಿತು.

ಈ ಸುದ್ದಿ ಕೇಳಿ ಮೊದಲು ಕನಸು ಕಾಣತೊಡಗಿದವಳು ನನ್ನ ಪತ್ನಿಯೇ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಮಗಳು ಕಳಿಸಿದ ಚಿತ್ರಗಳನ್ನು ನೋಡಲು ನಾವಿಬ್ಬರೂ ಶಿರಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಪೇಟೆಯ ಒಂದು ಮಹಡಿಯ ಮೇಲೆ ಇಂಟರ್‌ನೆಟ್ ಅಂಗಡಿಯಿತ್ತು. ಅಲ್ಲಿ ಚಿತ್ರ ಒಮ್ಮೆಗೇ ಕಾಣಿಸುತ್ತಿರಲಿಲ್ಲ, ಮೇಲಿನಿಂದ ನಿಧಾನವಾಗಿ ಇಳಿದುಬರುತ್ತಿತ್ತು. ಮೊದಲು ಆಕಾಶ. ಬಹಳ ಹೊತ್ತು ಬರೀ ಆಕಾಶ. ನಂತರ ನೀಲಿ ಸ್ವಲ್ಪ ದಟ್ಟವಾದಾಗ ಅದು ಸಮುದ್ರವೆಂದು ನಾವು ಊಹಿಸಬೇಕಾಗಿತ್ತು. ಮರಳು ಬರುವ ಮೊದಲೇ ಎಷ್ಟೋ ಸಲ ಕರೆಂಟು ಹೋಗುತ್ತಿತ್ತು. ಆಗ ಕತ್ತಲಾದ ಪರದೆಯ ಮುಂದೆ ಇಬ್ಬರೂ ಸುಮ್ಮನೆ ಕುಳಿತು, ಉಳಿದ ತೀರವನ್ನು ತಂತಮ್ಮ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದೆವು. ನನ್ನ ತೀರದಲ್ಲಿ ಮಂಟಪ ನೀರಿಗೆ ಬೆನ್ನು ಹಾಕಿರುತ್ತಿತ್ತು. ಅವಳ ತೀರದಲ್ಲಿ ಮಂಟಪದ ಹಿಂದೆ ಒಲೆ ಹೂಡಲು ಜಾಗವಿರುತ್ತಿತ್ತು.

ಒಮ್ಮೆ ಪೂರ್ತಿ ಇಳಿದುಬಂದ ಚಿತ್ರವೊಂದರಲ್ಲಿ ಸಮುದ್ರವೇ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಸಿರು ಭತ್ತದ ಗದ್ದೆಗಳಿದ್ದವು. ಪತ್ನಿ ಬಗ್ಗಿ ನೋಡಿ, “ಇದು ನಮ್ಮನೆ ಗದ್ದೆ ಹಾಂಗೇ ಇದ್ದಲಿ. ಗದ್ದೆ ನೋಡಲೆ ಇಷ್ಟು ದೂರ ಹೋಗವಾ?” ಎಂದಳು. ಹಾಗೆಂದವಳು ಮರಳುವಾಗ ಬಸ್ಸಿನ ಕಿಟಕಿಯಿಂದ ನಮ್ಮ ಕಡೆಯ ಗದ್ದೆಗಳನ್ನು, ಎಂದೂ ಕಾಣದ ಊರಿನವು ಎಂಬಂತೆ ನೋಡುತ್ತ ಬಂದಳು. ಗಾಳಿಗೆ ಪೈರು ಬಾಗಿ ಏಳುತ್ತಿತ್ತು. ನನಗಂತೂ ಬಸ್ಸು ನೀರಿನ ಮೇಲೆ ಹೋಗುತ್ತಿರುವಂತೆ ಭಾಸವಾಯಿತು.

ಮುಹೂರ್ತ ನೋಡಿದ ಭಟ್ಟರು, ಆ ದ್ವೀಪದಲ್ಲಿ ಸೂರ್ಯ ನಮಗಿಂತ ಮೊದಲೇ ಹುಟ್ಟುವುದರಿಂದ ಲಗ್ನವನ್ನು ಅಲ್ಲಿಯ ಬೆಳಗಿಗೇ ಲೆಕ್ಕ ಹಾಕಬೇಕೆಂದು ಹೇಳಿದರು. ಅಂದಿನಿಂದ ಪತ್ನಿ ನಸುಕಿನಲ್ಲಿ ಎದ್ದು ಬಾಗಿಲು ತೆಗೆದವಳು, ಅಂಗಳದ ಮಬ್ಬಿನಲ್ಲಿ ಸ್ವಲ್ಪ ನಿಂತು, “ಅಲ್ಲಿ ಈಗ ಬೆಳಗಾಗಿ ಎಷ್ಟೋ ಹೊತ್ತಾತು” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಕೆಳಗಿನ ಮನೆಯಲ್ಲಿರುವ ನನ್ನ ಅತ್ತಿಗೆಗೆ ಈ ಏರ್ಪಾಡು ರುಚಿಸಲಿಲ್ಲ. ಒಂದು ಮಧ್ಯಾಹ್ನ ಜಗುಲಿಯಲ್ಲಿ ಕುಳಿತು, “ಎಂಗಕ್ಕೆ ಸಮುದ್ರ ಹೇಳಿರೆ ಗೋಕರ್ಣ. ಬೂದಿ ಬಿಡಲೆ ಹೋಪದು. ನಿಂಗ ಕೂಸಿನ ಧಾರೆ ಎರೆಯಲೆ ಹೋಗ್ತ್ರಾ ತಮಾ?” ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟವಳು ಪತ್ನಿ. “ಧಾರೆ ನೀರಿಗಂತೂ ಕೊರತೆ ಇಲ್ಲೆ ಅಕ್ಕಯ್ಯಾ.” ಅತ್ತಿಗೆಯವರು ನಗಬಾರದೆಂದುಕೊಂಡಿದ್ದರೂ ನಕ್ಕರು.

ಹೀಗಿರುತ್ತ, ಒಂದು ಸಂಜೆ ಹುಡುಗನ ತಾಯಿ ಮುಂಬೈಯಿಂದ ದೂರವಾಣಿ ಕರೆ ಮಾಡಿದರು. ಒಳ್ಳೆಯ ಹೆಂಗಸು. ಅಲ್ಲಿ ಎಲ್ಲವನ್ನೂ ಹೋಟೆಲಿನವರೇ ನೋಡಿಕೊಳ್ಳುತ್ತಾರೆ, ನೀವು ಎಂತದೂ ಮಾಡಬೇಕೆಂದಿಲ್ಲ, ಸುಮ್ಮನೆ ಬಂದು ಕುಳಿತರೆ ಸಾಕು ಎಂದು ಪತ್ನಿಗೆ ಪ್ರೀತಿಯಿಂದಲೇ ತಿಳಿಸಿದರು. ಪತ್ನಿ ಹೂಂಗುಟ್ಟಿ ರಿಸೀವರ್ ಇಟ್ಟಳು. ಅನಂತರ ಬಾಲಿಯ ಮಾತೇ ಅವಳ ಬಾಯಿಂದ ಬರಲಿಲ್ಲ. ಮುಂದಿನ ವಾರ ಶಿರಸಿಗೆ ಹೊರಡೋಣವೆಂದಾಗ ಹೇಳಿದಳು:

“ಆನು ಮದುವೆಗೆ ಬತ್ನಿಲ್ಲೆ. ನಿಂಗ ಹೋಗಿ ಬನ್ನಿ.”

ಪರ ಊರಿನ ಓದುಗರ ತಿಳಿವಳಿಕೆಗಾಗಿ ಇಲ್ಲಿ, ‘ಆನು’ ಎಂದರೆ ‘ನಾನು’ ಎಂಬುದರ ಜೊತೆಗೆ, ಇನ್ನೊಂದು ಸಂಗತಿಯನ್ನು ನಿವೇದಿಸುವುದು ಅಗತ್ಯ. ನಮ್ಮ ಕಡೆ ಮದುವೆಗೆ ಕಾಗದ ಹಂಚಿದರೆ ಸಾಲದು. ಮನೆಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ಇದಕ್ಕೆ ಹೇಳಿಕೆ ಎನ್ನುತ್ತೇವೆ. ದೂರದವರಿಗೆ ‘ಬರಬೇಕು’ ಎಂದರೆ ಮುಗಿಯಿತು. ಆದರೆ ಆಪ್ತರಿಗೆ ‘ಮುಂಚೆಯೇ ಬಂದು, ನಿಂತು, ಸುಧಾರಿಸಿಕೊಡಬೇಕು’ ಎನ್ನಬೇಕು. ಅಡಿಗೆ, ಬಡಿಸುವುದು, ಬಂದವರನ್ನು ವಿಚಾರಿಸುವುದು ಎಲ್ಲವೂ ಆ ಸುಧಾರಿಸುವುದರಲ್ಲಿ ಬಂತು. ಆಪ್ತರಿಗೆ ‘ಬಂದು ಕುಳಿತುಕೊಳ್ಳಿ’ ಎಂದರೆ ಅವರನ್ನು ದೂರದವರ ಸಾಲಿಗೆ ಸೇರಿಸಿದಂತೆ. ಮುಂಬೈಯಲ್ಲಿ ಬಹಳ ವರ್ಷ ಕಳೆದ ಬೀಗಿತಿಯವರಿಗೆ ಈ ವ್ಯತ್ಯಾಸ ಮರೆತಿತ್ತು. ದಣಿಯಬೇಡಿ ಎಂಬರ್ಥದಲ್ಲಿ ಅವರು ಹೇಳಿದ್ದು, ಹೆತ್ತ ತಾಯಿಯೊಬ್ಬಳಿಗೆ ನೀನು ಹೊರಗಿನವಳು ಎಂದು ಕೇಳಿಸಿತ್ತು.

ನಾನು ಸಮಜಾಯಿಷಿ ನೀಡಿದೆ. ಅವರ ಮನಸ್ಸಿನಲ್ಲಿ ಹಾಗಿಲ್ಲವೆಂದೆ. ಅದು ತನಗೂ ಗೊತ್ತಿದೆಯೆಂದು ಪತ್ನಿ ಹೇಳಿದಳು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಆ ರಾತ್ರಿ ಊಟವಾದ ಮೇಲೆ, “ಕೂಸು ಹುಟ್ಟಿದಾಗಿಂದ ಅದರ ಮದುವೆ ಮಾಡ್ತಾ ಇದ್ದಿ ಆನು, ಮನಸ್ಸಲ್ಲೆ. ಒಂದು ದಿನವೂ ಆ ಮದುವೆಲಿ ಆನು ಕುಂತಿದ್ನಿಲ್ಲೆ” ಎಂದಳು. 

ಪತ್ನಿಗೆ ಕೇಳಿಸದಿರಲೆಂದು ಮರುದಿನ ಸಿದ್ದಾಪುರದ ಎಸ್.ಟಿ.ಡಿ. ಬೂತಿನಿಂದ ಮಗಳಿಗೆ ಎಲ್ಲವನ್ನೂ ತಿಳಿಸಿದೆ. ಆಯಿ ಬರದೆ ಅಲ್ಲಿ ಧಾರೆ ಆಗುವುದು ಬೇಡ ಎಂದಷ್ಟೇ ಅವಳು ಹೇಳಿದಳು. ಕೆಲವು ದಿನಗಳಲ್ಲಿ ರಜೆ ಹಾಕಿ ಬಂದಳು. ಬಂದ ದಿನ ಮದುವೆಯ ಮಾತೆತ್ತಲಿಲ್ಲ. ತಾಯಿ ಮಗಳು ಸೇರಿ ಹಪ್ಪಳ ಮಾಡಿದರು.

ಮಾರನೆಯ ಬೆಳಿಗ್ಗೆ ಮಗಳು ಮಿಂದು, ಸೀರೆ ಉಟ್ಟು, ಕುಂಕುಮ ಅಕ್ಷತೆಯ ಬಟ್ಟಲು ಹಿಡಿದು ಹಿತ್ತಿಲಿನಿಂದ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅಂಗಳದ ದಾರಿಗೆ ಅಡ್ಡವಿರುವ ದಣಪೆಯ ಗಳ ಸರಿಸುವ ಸದ್ದು ಕೇಳಿತು. ಮಂಜಿನೊಳಗಿನಿಂದ ನೆಂಟರ ಮನೆಯ ಹೆಣ್ಣೊಬ್ಬಳು ಬರುವಂತೆ ಮಗಳು ಮೆಲ್ಲಗೆ ನಡೆದುಬಂದು, ಕಾಲು ತೊಳೆದು ಜಗುಲಿಯ ಕಂಬದ ಹತ್ತಿರ ಕುಳಿತಳು. ಪತ್ನಿ ಹೊರಗೆ ಬಂದು ನೋಡುತ್ತ ನಿಂತುಬಿಟ್ಟಳು. ಯಾರೂ ನಗಲಿಲ್ಲ. ಬಂದವರನ್ನು ಕೇಳುವಂತೆ ತಾನಾಗಿಯೇ, “ಆಸರಿಗೆ ಎಂತ ಕೊಡ್ಲಿ?” ಎಂಬ ಮಾತು ಅವಳ ಬಾಯಿಂದ ಬಂತು. ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ಮಗಳು ನೀರು ಕುಡಿದು, ಎದ್ದು, ತಾಯಿಯ ಹಣೆಗೆ ಕುಂಕುಮ ಹಚ್ಚಿದಳು.

“ಆಯಿ, ಎನ್ನ ಮದುವೆ ನಿಶ್ಚಯ ಆಜು. ನೀನು ಮುಂಚೆಯೇ ಬಂದು, ನಿಂತು, ಸುಧಾರಿಸಿಕೊಡವು.”

“ಹುಚ್ಚು ಕೂಸೇ, ಮನೆಯವ್ಕೆ ಹೇಳಿಕೆ ಮಾಡ್ತ್ವನೇ?”

“ಮದುವೆ ಈ ಮನೇಲಿ ಆಗ್ತಿಲ್ಲೆ ಆಯಿ. ಅಲ್ಲಿ ಹೋಟೆಲಿನವ್ಕೆ ನಮ್ಮ ಅಡಿಗೆ ಬತ್ತಿಲ್ಲೆ. ಎಷ್ಟೋ ಜನರ ಮದುವೆ ಸುಧಾರಿಸಿ ಕೊಟ್ಟಿದ್ದಿ ಆನು. ಎನ್ನ ಮದುವೆ ಸುಧಾರಿಸಲೆ ಯಾರಿದ್ದ?”

ಪತ್ನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳೋ, ಹಣೆಯಿಂದ ಉದುರಿದ ಕುಂಕುಮ ಒರೆಸಿಕೊಂಡಳೋ ನನಗೆ ಕಾಣಲಿಲ್ಲ. ಖಾಲಿ ತಂಬಿಗೆ ಎತ್ತಿಕೊಳ್ಳುತ್ತ, “ಅಲ್ಲಿ ಬಾಳೆಲೆ ಸಿಕ್ತಾ?” ಎಂದು ಕೇಳಿದಳು. ನಾನು ಒಳಗೆ ಹೋಗಿ ದೇವರ ಮುಂದೆ ನಿಂತೆ.

ಬಾಲಿಯಲ್ಲಿ ಬಾಳೆಲೆ ಬೇಕಾದಷ್ಟು ಸಿಕ್ಕಿತು. ಹೋಟೆಲಿನ ಅಡಿಗೆಮನೆಯಲ್ಲಿ ಪತ್ನಿ ಕನ್ನಡದಲ್ಲಿ, ಅವರು ಅವರ ಭಾಷೆಯಲ್ಲಿ ಮಾತಾಡಿಕೊಂಡು ಸಾರು, ಪಾಯಸ ಮಾಡಿದರು. ಬೀಗಿತಿಯವರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವಳ ಪಕ್ಕ ನಿಂತು ಕಾಯಿ ತುರಿದರು. ಹೊರಗೆ ಬೆಳಕು ಇನ್ನೂ ಎಳೆಯದಾಗಿತ್ತು. ಮಂಟಪದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ನಾವೆಲ್ಲ ಯಾರದೋ ನಿದ್ದೆಯೊಳಗೆ ಕುಳಿತಿದ್ದೇವೆಂದು ನನಗೆ ಅನ್ನಿಸುತ್ತಿತ್ತು. ಭಟ್ಟರು ಧಾರೆಗೆ ಕರೆದರು. ಪತ್ನಿ ಕೈ ಒರೆಸಿಕೊಳ್ಳುತ್ತ ಮರಳಿನ ಮೇಲೆ ಅವಸರದಿಂದ ನಡೆದುಬಂದು, ನನ್ನ ಪಕ್ಕದಲ್ಲಿ ನಿಂತು, “ಬೇಗ ಮುಗಿಸಿ. ಪಾಯಸ ತಳ ಹಿಡಿತು” ಎಂದು ಕಿವಿಯಲ್ಲಿ ಹೇಳಿ, ಧಾರೆಯ ಗಿಂಡಿಗೆ ಕೈ ಹಚ್ಚಿದಳು.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟಲ್ಲಿ ಉಪಕೃತನಾಗಿರುತ್ತೇನೆ.